ಆದೇಶ ವಿಧಾನದ ಲೆಕ್ಕ ತಾಳೆಯಾಗದಿದ್ದಾಗ: ತಪ್ಪು ಯಾವ ಸಾಲಿನಲ್ಲಿದೆ ಎಂದು ಹಿಡಿಯುವ ಬಗೆ

ಉತ್ತರ ತಪ್ಪು ಎಂದು ಗೊತ್ತಾದ ಕೂಡಲೇ ಹೆಚ್ಚಿನ ಮಕ್ಕಳು ಇಡೀ ಲೆಕ್ಕಕ್ಕೆ ಒಂದು ಗೀಟು ಎಳೆದು ಮೊದಲಿನಿಂದ ಶುರು ಮಾಡುತ್ತಾರೆ. ಎರಡನೇ ಸಲ ಕೂಡ ಅದೇ ಕೈ, ಅದೇ ತಲೆ. ಮೊದಲು ಎಲ್ಲಿ ಎಡವಿದ್ದರೋ ಅಲ್ಲೇ ಮತ್ತೆ ಎಡವುತ್ತಾರೆ. ಎರಡು ಸಲವೂ ಒಂದೇ ತಪ್ಪು ಉತ್ತರ ಬಂದಾಗ "ಪುಸ್ತಕದ ಉತ್ತರವೇ ತಪ್ಪಿರಬೇಕು" ಎಂಬ ತೀರ್ಮಾನಕ್ಕೆ ಬರುತ್ತಾರೆ.

ಆದೇಶ ವಿಧಾನ ಎಂದರೆ ಎರಡು ಸಮೀಕರಣಗಳಲ್ಲಿ ಒಂದರಿಂದ ಒಂದು ಅಕ್ಷರವನ್ನು ಬೇರೆ ಮಾಡಿಕೊಂಡು, ಅದನ್ನು ಇನ್ನೊಂದಕ್ಕೆ ಹಾಕಿ ಬಿಡಿಸುವುದು. ಇದರಲ್ಲಿ ಹೀಗೆ ಮೊದಲಿನಿಂದ ಮಾಡುವ ಅಗತ್ಯ ತೀರಾ ಕಡಿಮೆ. ತಪ್ಪು ಉತ್ತರವನ್ನು ಎರಡೂ ಸಮೀಕರಣಕ್ಕೆ ಹಾಕಿ ನೋಡಿದರೆ ಸಾಕು, ತಪ್ಪು ಲೆಕ್ಕದ ಯಾವ ಭಾಗದಲ್ಲಿ ಆಗಿದೆ ಎಂದು ಅದೇ ಹೇಳುತ್ತದೆ. ಎಷ್ಟೋ ಸಲ ಯಾವ ಸಂಖ್ಯೆಯಲ್ಲಿ ಆಗಿದೆ ಎನ್ನುವುದೂ ಗೊತ್ತಾಗುತ್ತದೆ. ತಾಳೆ ನೋಡುವುದನ್ನು ಸರಿ, ತಪ್ಪು ಹೇಳಲು ಮಾತ್ರ ಬಳಸಿದರೆ ಅರ್ಧ ಉಪಯೋಗ ಬಿಟ್ಟ ಹಾಗೆ.

ಅಕ್ಷರಗಳ ಬಗ್ಗೆ ಒಂದು ಮಾತು. ಶಾಲೆಯ ಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ಇಲ್ಲಿ ನಾನು ಅ, ಬ ಎಂದು ಬರೆಯುತ್ತೇನೆ. ಗೊತ್ತಿಲ್ಲದ ಸಂಖ್ಯೆಗೆ ಯಾವ ಹೆಸರಾದರೂ ನಡೆಯುತ್ತದೆ. ಭಾಸ್ಕರಾಚಾರ್ಯರು ಯಾವತ್ತಾವತ್, ಕಾಲಕ, ನೀಲಕ ಎನ್ನುವುದನ್ನು ಯಾ, ಕಾ, ನೀ ಎಂದು ಚಿಕ್ಕದು ಮಾಡಿಕೊಂಡೇ ಬೀಜಗಣಿತ ಬರೆದರು.

ಮೊದಲು ಸರಿಯಾದ ಲೆಕ್ಕ

ಎಲ್ಲ ಪರೀಕ್ಷೆಗೂ ಈ ಜೋಡಿಯನ್ನೇ ಇಟ್ಟುಕೊಳ್ಳೋಣ.

2ಅ − ಬ = 3 … (1)
3ಅ + 2ಬ = 22 … (2)

(1)ರಲ್ಲಿ ಬ ಸಹಗುಣಕ, ಅಂದರೆ ಬ ಮುಂದೆ ಗುಣಿಸಿ ನಿಂತ ಸಂಖ್ಯೆ, −1. ಅದನ್ನೇ ಬೇರೆ ಮಾಡಿಕೊಳ್ಳುವುದು ಸುಲಭ.

ಬ = 2ಅ − 3 … (3)

ಇದನ್ನು (2)ರಲ್ಲಿ ಬ ಇರುವ ಜಾಗಕ್ಕೆ ಹಾಕಬೇಕು.

3ಅ + 2(2ಅ − 3) = 22
3ಅ + 4ಅ − 6 = 22
7ಅ = 28
ಅ = 4

ಈ 4 ಅನ್ನು (3)ಕ್ಕೆ ಹಾಕಿದರೆ ಬ = 2×4 − 3 = 5. ತಾಳೆ ನೋಡಿದರೆ, (1)ರಲ್ಲಿ 8 − 5 = 3. (2)ರಲ್ಲಿ 12 + 10 = 22. ಎರಡೂ ಸರಿ.

ಇಲ್ಲಿ ಮೂರು ಭಾಗಗಳಿವೆ. (3) ಮಾಡಿಕೊಳ್ಳುವುದು ಒಂದು. ಅದನ್ನು (2)ಕ್ಕೆ ಹಾಕಿ ಅ ಬೆಲೆ ತೆಗೆಯುವುದು ಇನ್ನೊಂದು. ವಾಪಸ್ (3)ಕ್ಕೆ ಹೋಗಿ ಬ ಬೆಲೆ ತೆಗೆಯುವುದು ಕೊನೆಯದು. ಈ ಕೊನೆಯ ಕೆಲಸಕ್ಕೆ (3)ಕ್ಕೇ ಹೋಗಬೇಕು. (1)ಕ್ಕೆ ಅಥವಾ (2)ಕ್ಕೆ ಹಾಕಿದರೂ ಲೆಕ್ಕ ಸರಿಯಿದ್ದಾಗ ಉತ್ತರ ಒಂದೇ ಬರುತ್ತದೆ, ನಿಜ. ಆದರೆ ಲೆಕ್ಕ ತಪ್ಪಿದ್ದಾಗ ತಪ್ಪಿನ ಜಾಡು ಅಳಿಸಿಹೋಗುತ್ತದೆ. ಉದಾಹರಣೆಗೆ ನಡುವೆ ಎಡವಿ ಅ ಬೆಲೆ ತಪ್ಪಾಗಿದೆ ಎನ್ನಿ. ಆ ತಪ್ಪು ಬೆಲೆಯನ್ನು (2)ಕ್ಕೇ ಹಾಕಿ ಬ ತೆಗೆದರೆ, (2)ರಲ್ಲಿ ತಾಳೆ ಆಗಿಯೇ ಆಗುತ್ತದೆ. ಆಗುವ ಹಾಗೆ ನೀವೇ ಮಾಡಿದ್ದೀರಿ. ಕೆಳಗೆ ಹೇಳುವ ಲಕ್ಷಣಗಳೆಲ್ಲ (3)ರಿಂದ ಬ ತೆಗೆದವರಿಗೆ ಮಾತ್ರ. ನೀವು (3) ಅನ್ನು (2)ರಿಂದ ಮಾಡಿಕೊಂಡಿದ್ದರೆ (1), (2) ಎನ್ನುವುದನ್ನು ಅದಲುಬದಲು ಮಾಡಿ ಓದಿಕೊಳ್ಳಿ.

(1) ತಪ್ಪುತ್ತದೆ, (2) ತಾಳೆಯಾಗುತ್ತದೆ

ತಪ್ಪು (3) ಮಾಡಿಕೊಳ್ಳುವಾಗಲೇ ಆಗಿದೆ. ಮುಂದಿನ ಸಾಲುಗಳನ್ನು ನೋಡುವುದೇ ಬೇಡ.

ಯಾಕೆ ಅಂದ್ರೆ, (3) ತಪ್ಪಿದ್ದರೂ ನೀವು ಅದನ್ನು ಪ್ರಾಮಾಣಿಕವಾಗಿ (2)ಕ್ಕೆ ಹಾಕಿ ಬಿಡಿಸಿದ್ದೀರಿ. ಹಾಗಾಗಿ ಉತ್ತರ (2)ಕ್ಕೂ ನಿಮ್ಮ ತಪ್ಪು (3)ಕ್ಕೂ ಒಪ್ಪುತ್ತದೆ. (1)ರ ಸಂಬಂಧ ಮಾತ್ರ ಕಡಿದುಹೋಗಿದೆ.

ಇದರಲ್ಲಿ ಅತಿ ಹೆಚ್ಚು ಕಾಣುವುದು ಮೈನಸ್ ತಪ್ಪು. 2ಅ − ಬ = 3 ರಿಂದ 2ಅ ಆಚೆ ಹೋಗಿ −ಬ = 3 − 2ಅ ಆಗುತ್ತದೆ. ಇಲ್ಲಿಯವರೆಗೆ ಸರಿ. ಎಡಗಡೆ ಬ ಮುಂದೆ ಇನ್ನೂ ಮೈನಸ್ ಇದೆ. ಅದನ್ನು ಸುಮ್ನೆ ಬಿಟ್ಟುಬಿಟ್ಟು ಬ = 3 − 2ಅ ಎಂದು ಬರೆಯುತ್ತಾರೆ. ಮುಂದಕ್ಕೆ ಹೋದರೆ ಏನಾಗುತ್ತದೆ ನೋಡಿ:

3ಅ + 2(3 − 2ಅ) = 22
3ಅ + 6 − 4ಅ = 22
−ಅ = 16
ಅ = −16, ಬ = 3 + 32 = 35

(2)ರಲ್ಲಿ −48 + 70 = 22. ಸರಿಯಾಗಿ ಕೂತಿದೆ. (1)ರಲ್ಲಿ −32 − 35 = −67, ಬರಬೇಕಾದ್ದು 3. "ಒಂದರಲ್ಲಿ ತಾಳೆ ಆಯ್ತಲ್ಲ" ಎಂದು ಇಲ್ಲೇ ನಿಲ್ಲಿಸುವವರು ಬಹಳ ಜನ. ಅದರಲ್ಲೂ ತಾವು ಬೆಲೆ ಹಾಕಿ ಬಿಡಿಸಿದ ಸಮೀಕರಣದಲ್ಲೇ ತಾಳೆ ನೋಡುತ್ತಾರೆ. ಅದು ಕಣ್ಣೆದುರಿಗೇ ಇರುತ್ತದೆ, ಅದಕ್ಕೆ.

(3) ಸರಿಯಿದೆಯೇ ಎಂದು ಆ ಸಾಲು ಬರೆದ ಕೂಡಲೇ ನೋಡಿಬಿಡಬಹುದು. ಅ ಜಾಗಕ್ಕೆ ಒಂದು ಸಣ್ಣ ಸಂಖ್ಯೆ ಹಾಕಿ. 1 ಹಾಕೋಣ. (1)ರಲ್ಲಿ 2 − ಬ = 3, ಅಂದರೆ ಬ = −1. ನಿಮ್ಮ (3)ರಲ್ಲೂ −1 ಬರಬೇಕು. ಬ = 2ಅ − 3 ಆದರೆ 2 − 3 = −1, ಸರಿ. ಬ = 3 − 2ಅ ಆದರೆ 3 − 2 = 1. ಅಲ್ಲೇ ಸಿಕ್ಕಿಬಿತ್ತು. ಪರೀಕ್ಷೆಯಲ್ಲಿ ಇದನ್ನು ಬರೆಯುವುದೂ ಬೇಡ, ಮನಸ್ಸಿನಲ್ಲೇ ಆಗುತ್ತದೆ.

ಇದೇ ಗುಂಪಿನ ಇನ್ನೊಂದು ತಪ್ಪು ಭಾಗಾಕಾರದ್ದು. 3ಅ + 2ಬ = 22 ರಿಂದ ಬ ಬೇರೆ ಮಾಡುವಾಗ ಬ = 22 − 3ಅ/2 ಎಂದು ಬರೆಯುವುದು. 2 ಇಡೀ ಬಲಭಾಗದ ಕೆಳಗೆ ಬರಬೇಕು: ಬ = (22 − 3ಅ)/2. ಗೆರೆ ಉದ್ದ ಎಳೆದಿದ್ದೀರಾ ಇಲ್ಲವಾ ಎನ್ನುವಷ್ಟರಲ್ಲೇ ಉತ್ತರ ಕೆಡುತ್ತದೆ. ಅ = 0 ಹಾಕಿ ನೋಡಿದರೆ ಒಂದು ಸಾಲು 22 ಹೇಳುತ್ತದೆ, ಇನ್ನೊಂದು 11 ಹೇಳುತ್ತದೆ.

(1) ತಾಳೆಯಾಗುತ್ತದೆ, (2) ತಪ್ಪುತ್ತದೆ

ಇದು ಅತಿ ಸಾಮಾನ್ಯ. (3) ಸರಿಯಾಗಿದೆ, ಕೊನೆಯ ಸಾಲೂ ಸರಿಯಾಗಿದೆ. ತಪ್ಪು ನಡುವೆ ಇದೆ. (3) ಅನ್ನು (2)ಕ್ಕೆ ಹಾಕಿದಲ್ಲಿಂದ ಅ ಬೆಲೆ ಬರುವವರೆಗಿನ ನಾಲ್ಕೈದು ಸಾಲಿನಲ್ಲಿ ಎಲ್ಲೋ ಒಂದು ಕಡೆ.

ಮೊದಲು ಅನುಮಾನಿಸಬೇಕಾದ್ದು ಬ್ರಾಕೆಟ್ ಅನ್ನು. 3ಅ + 2(2ಅ − 3) ಬಿಡಿಸುವಾಗ ಹೊರಗಿನ 2 ಒಳಗಿನ ಎರಡಕ್ಕೂ ಸಲ್ಲಬೇಕು. ಮೊದಲನೆಯದಕ್ಕೆ ಮಾತ್ರ ಕೊಟ್ಟು ಎರಡನೆಯದನ್ನು ಮರೆತರೆ:

3ಅ + 4ಅ − 3 = 22
7ಅ = 25
ಅ = 25/7, ಬ = 50/7 − 3 = 29/7

(1)ರಲ್ಲಿ 50/7 − 29/7 = 21/7 = 3. ಸರಿ. (2)ರಲ್ಲಿ 75/7 + 58/7 = 133/7 = 19. ಬರಬೇಕಾದ್ದು 22. ಮೂರು ಕಡಿಮೆ.

ಈ ಮೂರನ್ನು ಗಮನಿಸಿ. −6 ಇರಬೇಕಾದ ಕಡೆ −3 ಬರೆದಿದ್ದೀರಿ, ವ್ಯತ್ಯಾಸ ಮೂರು. ತಾಳೆಯಲ್ಲಿ ಬಿದ್ದ ಕೊರತೆಯೂ ಮೂರೇ. ಕಾಕತಾಳೀಯವೇನಲ್ಲ. ಸ್ಥಿರಾಂಕದಲ್ಲಿ, ಅಂದರೆ ಅಕ್ಷರವಿಲ್ಲದೆ ಒಂಟಿಯಾಗಿ ನಿಂತ ಸಂಖ್ಯೆಯಲ್ಲಿ, ತಪ್ಪಾಗಿದ್ದರೆ, ನೀವು ಎಷ್ಟು ತಪ್ಪಿದ್ದೀರೋ ಅಷ್ಟೇ ಅಂತರ (2)ರಲ್ಲಿ ಕಾಣುತ್ತದೆ.

ಈಗ ಬ್ರಾಕೆಟ್ ಮುಂದೆ ಮೈನಸ್ ಇದ್ದಾಗ ಏನಾಗುತ್ತದೆ ನೋಡೋಣ. (1) ಹಾಗೇ ಇರಲಿ. (2)ರ ಬದಲು 5ಅ − 2ಬ = 10 ಇದೆ ಎಂದುಕೊಳ್ಳಿ. ಸರಿಯಾದ ಉತ್ತರ ಮತ್ತೆ 4, 5.

5ಅ − 2(2ಅ − 3) = 10

ಇಲ್ಲಿ −2 ಮತ್ತು −3 ಗುಣಿಸಿದರೆ +6. ಅವಸರದಲ್ಲಿ −6 ಬರೆದರೆ:

5ಅ − 4ಅ − 6 = 10
ಅ = 16, ಬ = 32 − 3 = 29

(1)ರಲ್ಲಿ 32 − 29 = 3, ಸರಿ. (2)ರ ಎಡಭಾಗ 80 − 58 = 22. ಬರಬೇಕಾದ್ದು 10. ಅಂತರ 12. +6 ಜಾಗದಲ್ಲಿ −6 ಬರೆದರೆ ತಪ್ಪು 6ರಷ್ಟಲ್ಲ, ಅದರ ಎರಡರಷ್ಟು. ಹಾಗಾಗಿ ಅಂತರ ನೋಡಿದ ಕೂಡಲೇ ಅದರ ಅರ್ಧ ಎಷ್ಟು ಎಂದು ನೋಡಿ. ಆ ಸಂಖ್ಯೆ ನಿಮ್ಮ ಸಾಲುಗಳಲ್ಲಿ ಎಲ್ಲಾದರೂ ಇದ್ದರೆ, ಅದರ ಮುಂದಿನ ಚಿಹ್ನೆಯನ್ನೇ ಮೊದಲು ಅನುಮಾನಿಸಿ.

ಅಂತರದಿಂದ ಏನೂ ಹೊಳೆಯದಿದ್ದರೆ ಇನ್ನೊಂದು ದಾರಿ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ನಿಮಗೆ ಬಂದ ತಪ್ಪು ಅ ಬೆಲೆಯನ್ನೇ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲಿಗೆ ಹಾಕುತ್ತಾ ಹೋಗಿ. ಕರೆಂಟ್ ಎಲ್ಲಿಯವರೆಗೆ ಬರುತ್ತಿದೆ ಎಂದು ವೈರ್‌ಮನ್ ಟೆಸ್ಟರ್ ಇಟ್ಟುಕೊಂಡು ಹೋಗುವ ಹಾಗೆ. ಮೇಲಿನ ಲೆಕ್ಕದಲ್ಲಿ ಅ = 16.

5ಅ − 4ಅ − 6 = 10 ಈ ಸಾಲಿಗೆ ಹಾಕಿ: 80 − 64 − 6 = 10. ಒಪ್ಪುತ್ತದೆ.
5ಅ − 2(2ಅ − 3) = 10 ಈ ಸಾಲಿಗೆ ಹಾಕಿ: 80 − 2×29 = 22. ಒಪ್ಪುವುದಿಲ್ಲ.

ತಪ್ಪಾದ ಮೇಲೆ ಬರೆದ ಸಾಲುಗಳೆಲ್ಲ ತಪ್ಪು ಬೆಲೆಯನ್ನು ಒಪ್ಪುತ್ತವೆ, ಏಕೆಂದರೆ ಅದು ಹುಟ್ಟಿದ್ದೇ ಅವುಗಳಿಂದ. ತಪ್ಪಾಗುವ ಮೊದಲಿನ ಸಾಲುಗಳು ಒಪ್ಪುವುದಿಲ್ಲ. ಒಪ್ಪುವ ಸಾಲಿಗೂ ಒಪ್ಪದ ಸಾಲಿಗೂ ನಡುವಿನ ಆ ಒಂದೇ ಹೆಜ್ಜೆಯಲ್ಲಿ ತಪ್ಪು ಕೂತಿದೆ. ಬೇರೆಲ್ಲೂ ಹುಡುಕಬೇಕಾಗಿಲ್ಲ. ಇದು ಕೆಲಸ ಮಾಡಬೇಕಾದರೆ ಒಂದು ಸಾಲಿಗೆ ಒಂದೇ ಕೆಲಸ ಮಾಡಿರಬೇಕು. ಬ್ರಾಕೆಟ್ ಬಿಡಿಸಿ, ಕೂಡಿಸಿ, ಆಚೆ ಹಾಕುವುದನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಟೆಸ್ಟರ್ ಇಡಲು ಜಾಗವೇ ಇರುವುದಿಲ್ಲ.

ಎಲ್ಲ ಸಾಲುಗಳೂ ಒಪ್ಪುತ್ತವೆ, ಮೂಲ (2) ಮಾತ್ರ ಒಪ್ಪುವುದಿಲ್ಲ ಎಂದಾದರೆ, (2) ಅನ್ನು ಅಥವಾ (3) ಅನ್ನು ಕೆಳಗೆ ಇಳಿಸಿಕೊಳ್ಳುವಾಗಲೇ ತಪ್ಪಾಗಿ ಬರೆದಿದ್ದೀರಿ.

ಎರಡೂ ತಪ್ಪುತ್ತವೆ

ಕೇಳಲು ದೊಡ್ಡ ತೊಂದರೆ ಅನ್ನಿಸುತ್ತದೆ, ಆದರೆ ಹೆಚ್ಚಿನ ಸಲ ಇದೇ ಸಣ್ಣದು. ಅ ಬೆಲೆ ಸರಿಯಾಗಿಯೇ ಇರುತ್ತದೆ. ಕೊನೆಯ ಸಾಲಿನಲ್ಲಿ ಬ ತೆಗೆಯುವಾಗ ಕೈ ಜಾರಿರುತ್ತದೆ. ಬ = 2×4 − 3 ಅನ್ನು 8 + 3 ಮಾಡಿ 11 ಎಂದು ಬರೆದರೆ, (1)ರಲ್ಲಿ 8 − 11 = −3, (2)ರಲ್ಲಿ 12 + 22 = 34. ಎರಡೂ ಹೋಯಿತು. ಕೊನೆಯ ಸಾಲನ್ನು ಇನ್ನೊಮ್ಮೆ ಮಾಡಿ, ಮತ್ತೆ ತಾಳೆ ನೋಡಿ. ಸರಿಹೋಗದಿದ್ದರೆ ಮಾತ್ರ ಎರಡು ಕಡೆ ತಪ್ಪಿದೆ ಎಂದು ತಿಳಿದು (3)ರಿಂದ ಪರೀಕ್ಷೆ ಶುರು ಮಾಡಿ. ತಾಳೆ ನೋಡುವಾಗಲೇ ಅ ಜಾಗಕ್ಕೆ ಬ, ಬ ಜಾಗಕ್ಕೆ ಅ ಹಾಕಿದ್ದರೂ ಇದೇ ಲಕ್ಷಣ ಕಾಣಬಹುದು. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಅ ಮಾಯವಾಗಿ 3 = 3 ಬಂತು

ಇದು ಬಂದಾಗ ಮಕ್ಕಳು ಗಾಬರಿಯಾಗುತ್ತಾರೆ. ಕಾರಣ ಎರಡರಲ್ಲಿ ಒಂದು.

ಒಂದನೆಯದು, (1)ರಿಂದ (3) ಮಾಡಿಕೊಂಡು ಅದನ್ನು ವಾಪಸ್ (1)ಕ್ಕೇ ಹಾಕಿರುವುದು. 2ಅ − (2ಅ − 3) = 3, ಬಿಡಿಸಿದರೆ 3 = 3. ಒಂದು ಸಮೀಕರಣ ಹೇಳಿದ್ದನ್ನು ಅದಕ್ಕೇ ತಿರುಗಿ ಹೇಳಿದರೆ "ಹೌದು" ಎನ್ನುತ್ತದೆ, ಅಷ್ಟೇ. ಹೊಸದೇನೂ ಸಿಗುವುದಿಲ್ಲ. ಇನ್ನೊಂದು ಸಮೀಕರಣಕ್ಕೆ ಹಾಕಿ, ಸರಿಹೋಗುತ್ತದೆ.

ಎರಡನೆಯದು, ಲೆಕ್ಕವೇ ಹಾಗಿರುವುದು. 2ಅ − ಬ = 3 ಮತ್ತು 6ಅ − 3ಬ = 9 ಕೊಟ್ಟಿದ್ದರೆ, ಎರಡನೆಯದು ಮೊದಲನೆಯದರ ಮೂರರಷ್ಟು. ಬೇರೆ ವೇಷದಲ್ಲಿ ಬಂದಿದೆ. ಬ = 2ಅ − 3 ಹಾಕಿದರೆ 9 = 9. ನಕ್ಷೆ ಎಳೆದರೆ ಒಂದರ ಮೇಲೊಂದು ಕೂರುವ ಒಂದೇ ರೇಖೆ. ಪರಿಹಾರಗಳು ಲೆಕ್ಕವಿಲ್ಲದಷ್ಟು. "ಅನಂತ ಪರಿಹಾರಗಳಿವೆ" ಎಂದು ಬರೆದರೆ ಅದೇ ಪೂರ್ತಿ ಉತ್ತರ. ಅ = 0, ಬ = 0 ಎಂದು ಮಾತ್ರ ಬರೆಯಬೇಡಿ. ಮೂಲ ಸಮೀಕರಣಕ್ಕೆ ಹಾಕಿದರೆ 0 = 3 ಆಗುತ್ತದೆ.

9 = 10 ಬಂತು

6ಅ − 3ಬ = 9 ಬದಲು 6ಅ − 3ಬ = 10 ಇದ್ದರೆ ಹೀಗಾಗುತ್ತದೆ. ರೇಖೆಗಳು ಸಮಾಂತರ, ಎಲ್ಲೂ ಸೇರುವುದಿಲ್ಲ, ಪರಿಹಾರವಿಲ್ಲ. ಆದರೆ "ಪರಿಹಾರವಿಲ್ಲ" ಎಂದು ಬರೆಯುವ ಮೊದಲು ಸ್ವಲ್ಪ ತಡೆಯಿರಿ. ಚಿಹ್ನೆಯ ತಪ್ಪಿನಿಂದಲೂ ಇದು ಬರುತ್ತದೆ, ಮತ್ತು ಬಂದಾಗ ಬಹಳ ನಂಬಿಕೆ ಹುಟ್ಟಿಸುತ್ತದೆ.

2ಅ − ಬ = 3
4ಅ + 2ಬ = 26

ಇಲ್ಲಿ ಬ = 3 − 2ಅ ಎಂಬ ಅದೇ ಹಳೇ ತಪ್ಪು ಮಾಡಿದರೆ 4ಅ + 6 − 4ಅ = 26, ಅಂದರೆ 6 = 26. ಪಾಠದಲ್ಲಿ ಓದಿದ "ಅಸ್ಥಿರ ಜೋಡಿ" (ಪರಿಹಾರವೇ ಇಲ್ಲದ ಜೋಡಿ) ನೆನಪಾಗುತ್ತದೆ, ಖುಷಿಯಾಗಿ ಪರಿಹಾರವಿಲ್ಲ ಎಂದು ಬರೆದು ಮುಗಿಸುತ್ತಾರೆ. ನಿಜವಾದ ಉತ್ತರ ಮತ್ತೆ 4, 5. ಹಾಕಿ ನೋಡಿ: 8 − 5 = 3, 16 + 10 = 26.

ನಂಬಬೇಕೋ ಬೇಡವೋ ಎಂದು ತಿಳಿಯಲು ಸಹಗುಣಕಗಳನ್ನು ಓರೆಯಾಗಿ ಗುಣಿಸಿ. ಮೊದಲನೆಯದರ ಅ ಸಹಗುಣಕ × ಎರಡನೆಯದರ ಬ ಸಹಗುಣಕ: 2 × 2 = 4. ಎರಡನೆಯದರ ಅ ಸಹಗುಣಕ × ಮೊದಲನೆಯದರ ಬ ಸಹಗುಣಕ: 4 × (−1) = −4. ಎರಡೂ ಬೇರೆ ಬೇರೆ. ಅಂದರೆ ರೇಖೆಗಳು ಒಂದು ಕಡೆ ಸೇರಲೇಬೇಕು, ಒಂದು ಪರಿಹಾರ ಇರಲೇಬೇಕು. ಅ ಮಾಯವಾಗಿದ್ದರೆ ಅದು ನಿಮ್ಮ ಕೈಕೆಲಸ. ಎರಡೂ ಸಮವಾಗಿದ್ದರೆ ಮಾತ್ರ ಅನಂತ ಪರಿಹಾರ ಅಥವಾ ಪರಿಹಾರವಿಲ್ಲ ಎನ್ನುವ ಮಾತು. 6ಅ − 3ಬ = 10ರ ಜೋಡಿಯಲ್ಲಿ 2 × (−3) = −6, 6 × (−1) = −6. ಸಮ ಇದೆ, ಹಾಗಾಗಿ ಅಲ್ಲಿ 9 = 10 ನಿಜ.

ಭಿನ್ನರಾಶಿಗಳು ಬೆಳೆಯುತ್ತಲೇ ಹೋಗುತ್ತಿವೆ

ಇದು ತಪ್ಪಲ್ಲ, ಆಯ್ಕೆಯ ತೊಂದರೆ. ಸಹಗುಣಕ 1 ಅಥವಾ −1 ಇರುವ ಚರಾಕ್ಷರವನ್ನು ಬೇರೆ ಮಾಡಿಕೊಂಡರೆ (3)ರಲ್ಲಿ ಭಿನ್ನರಾಶಿಯೇ ಬರುವುದಿಲ್ಲ. ಕೆಲವರು ಯಾವಾಗಲೂ ಮೊದಲ ಸಮೀಕರಣದ ಮೊದಲ ಅಕ್ಷರವನ್ನೇ ತೆಗೆದುಕೊಳ್ಳುತ್ತಾರೆ. ಹಾಗೇನೂ ನಿಯಮ ಇಲ್ಲ.

ಎಲ್ಲೂ 1 ಇಲ್ಲದಿದ್ದರೆ? ಅದಕ್ಕೆ ನಮ್ಮ ನಾಡಿನದೇ ಒಂದು ಹಳೆಯ ಲೆಕ್ಕ ಇದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಬರುವುದು. 9 ಮಾದಳ ಹಣ್ಣಿಗೂ 7 ಬೇಲದ ಹಣ್ಣಿಗೂ ಸೇರಿ ಬೆಲೆ 107. 7 ಮಾದಳ, 9 ಬೇಲಕ್ಕೆ ಸೇರಿ 101. ಒಂದೊಂದರ ಬೆಲೆ ಎಷ್ಟು?

9ಮ + 7ಬ = 107 … (1)
7ಮ + 9ಬ = 101 … (2)

ಆದೇಶ ವಿಧಾನದಲ್ಲೇ ಮಾಡಿದರೆ ಮ = (107 − 7ಬ)/9 … (3). (2)ಕ್ಕೆ ಹಾಕಿದಾಗ:

7(107 − 7ಬ)/9 + 9ಬ = 101

ಛೇದ ಹೋಗಲಾಡಿಸಲು ಎಲ್ಲವನ್ನೂ 9ರಿಂದ ಗುಣಿಸಬೇಕು. ಬಲಗಡೆಯ 101 ಬಹಳ ಜನಕ್ಕೆ ನೆನಪಿರುತ್ತದೆ, 909 ಎಂದು ಬರೆಯುತ್ತಾರೆ. ನಡುವೆ ನಿಂತ 9ಬ ಮರೆತುಹೋಗುತ್ತದೆ. ಅದರಲ್ಲಿ ಆಗಲೇ ಒಂದು 9 ಇದೆಯಲ್ಲ, ಗುಣಿಸಿ ಆಯಿತು ಎಂದು ಕಣ್ಣು ಮೋಸ ಹೋಗುತ್ತದೆ.

749 − 49ಬ + 9ಬ = 909
−40ಬ = 160
ಬ = −4
ಮ = (107 + 28)/9 = 135/9 = 15

ಎಷ್ಟು ಚೆನ್ನಾಗಿ ಭಾಗ ಹೋಗುತ್ತಿದೆ ನೋಡಿ. 160ಕ್ಕೆ 40 ಸರಿಯಾಗಿ, 135ಕ್ಕೆ 9 ಸರಿಯಾಗಿ. ಪೂರ್ಣ ಸಂಖ್ಯೆ ಬಂದರೆ ಲೆಕ್ಕ ಸರಿ ಎಂದು ನಂಬುವವರು ಇಲ್ಲಿ ಪೂರ್ತಿ ಮುಳುಗುತ್ತಾರೆ. (1)ರಲ್ಲಿ ತಾಳೆಯೂ ಆಗುತ್ತದೆ: 135 − 28 = 107. ಆದರೆ ಬೇಲದ ಹಣ್ಣಿನ ಬೆಲೆ −4 ಆಗುವುದು ಯಾವ ಸಂತೆಯಲ್ಲಿ? (2)ರಲ್ಲಿ 105 − 36 = 69, ಬರಬೇಕಾದ್ದು 101. (1) ಸರಿ, (2) ತಪ್ಪು. ಅಂದರೆ ನಡುವಿನ ಸಾಲು. ಬ = −4 ಅನ್ನು ಕೆಳಗಿನಿಂದ ಮೇಲಕ್ಕೆ ಹಾಕಿದರೆ 749 + 196 − 36 = 909 ಒಪ್ಪುತ್ತದೆ, ಅದರ ಮೇಲಿನ ಸಾಲು 105 − 36 = 69 ಎನ್ನುತ್ತದೆ. ಛೇದ ತೆಗೆದ ಹೆಜ್ಜೆಯಲ್ಲೇ ತಪ್ಪು.

ಸರಿಪಡಿಸಿದರೆ 749 − 49ಬ + 81ಬ = 909, 32ಬ = 160, ಬ = 5. ಮ = (107 − 35)/9 = 8. ಮಹಾವೀರಾಚಾರ್ಯ ಕೊಟ್ಟ ಸೂತ್ರ ಆದೇಶದ್ದಲ್ಲ. ದೊಡ್ಡ ಬೆಲೆಯನ್ನು ದೊಡ್ಡ ಎಣಿಕೆಯಿಂದ, ಸಣ್ಣ ಬೆಲೆಯನ್ನು ಸಣ್ಣ ಎಣಿಕೆಯಿಂದ ಗುಣಿಸಿ ಕಳೆದು, ಎಣಿಕೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು ಎನ್ನುತ್ತಾನೆ. 9×107 − 7×101 = 256. 81 − 49 = 32. ಭಾಗಿಸಿದರೆ 8. ನಮ್ಮ ಸಾಲಿನಲ್ಲಿ ಬಂದ 32 ಕೂಡ ಅದೇ 81 − 49.

ಇಂಥ ಅದಲುಬದಲು ಸಹಗುಣಕಗಳ ಜೋಡಿ ಸಿಕ್ಕರೆ ನಾನಂತೂ ಆದೇಶಕ್ಕೆ ಹೋಗುವುದೇ ಇಲ್ಲ. ಎರಡನ್ನೂ ಕೂಡಿಸಿದರೆ 16ಮ + 16ಬ = 208, ಅಂದರೆ ಮ + ಬ = 13. ಕಳೆದರೆ 2ಮ − 2ಬ = 6, ಅಂದರೆ ಮ − ಬ = 3. ಈಗ ಬೇಕಾದರೆ ಆದೇಶ ವಿಧಾನ ಬಳಸಿ, ಎರಡು ಸಾಲಿನಲ್ಲಿ ಮುಗಿಯುತ್ತದೆ. ಪ್ರಶ್ನೆಯಲ್ಲಿ "ಆದೇಶ ವಿಧಾನದಿಂದ ಬಿಡಿಸಿ" ಎಂದೇ ಇದ್ದರೆ ಮಾತ್ರ ಉದ್ದದ ದಾರಿ ಹಿಡಿಯಿರಿ.

ತಾಳೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ

22 ಬರಬೇಕಾದ ಕಡೆ 21.98 ಬಂದರೆ ಎಲ್ಲೋ ದಶಮಾಂಶ ಕತ್ತರಿಸಿದ್ದೀರಿ. 10/3 ಅನ್ನು 3.33 ಎಂದು ಬರೆದು ಮುಂದೆ ಹೋಗಿರುತ್ತೀರಿ. 3 × 3.33 = 9.99, 10 ಅಲ್ಲ. ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಕೊನೆಯವರೆಗೆ ಒಯ್ಯಿರಿ. ಕೊಟ್ಟ ಸಮೀಕರಣದಲ್ಲೇ 0.5ಅ + 0.2ಬ = 1.6 ಎಂದು ದಶಮಾಂಶ ಇದ್ದರೆ ಶುರುವಿನಲ್ಲೇ 10ರಿಂದ ಗುಣಿಸಿ 5ಅ + 2ಬ = 16 ಮಾಡಿಕೊಳ್ಳಿ. ಬಲಭಾಗವನ್ನೂ ಗುಣಿಸಲು ಮರೆಯಬೇಡಿ.

ಎರಡೂ ತಾಳೆಯಾಗುತ್ತವೆ, ಆದರೂ ಉತ್ತರ ತಪ್ಪಂತೆ

ಬಿಡಿಸಿದ ಕೆಲಸ ಸರಿಯಿದೆ. ಬಿಡಿಸಿದ ಸಮೀಕರಣಗಳೇ ಬೇರೆ ಇರಬೇಕು. ಮೊದಲು ಪ್ರಶ್ನೆಪತ್ರಿಕೆ ಎದುರಿಗೆ ಇಟ್ಟುಕೊಂಡು ನೀವು ಇಳಿಸಿಕೊಂಡದ್ದನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಅವಸರದ ಕೈಬರಹದಲ್ಲಿ 1 ಮತ್ತು 7, ವೈ ಮತ್ತು 4, ಎಕ್ಸ್ ಮತ್ತು ಗುಣಾಕಾರ ಚಿಹ್ನೆ ಒಂದೇ ತರ ಕಾಣುತ್ತವೆ.

ಹೇಳಿಕೆ ಲೆಕ್ಕಗಳಲ್ಲಿ ತೊಂದರೆ ಇನ್ನೂ ಜಾಸ್ತಿ. ಒಂದು ಉದಾಹರಣೆ: ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು. ಐದು ವರ್ಷದ ಹಿಂದೆ ನಾಲ್ಕರಷ್ಟು ಇತ್ತು. ತಾಯಿಗೆ ತ, ಮಗಳಿಗೆ ಮ ಇಟ್ಟುಕೊಂಡು ತ = 3ಮ ಎಂದು ಸರಿಯಾಗಿ ಬರೆಯುತ್ತಾರೆ. ಎರಡನೆಯದಕ್ಕೆ ತ = 4(ಮ − 5). ಐದು ವರ್ಷ ಮಗಳಿಗೆ ಮಾತ್ರ ಕಳೆದಿದ್ದಾರೆ, ತಾಯಿ ಇದ್ದಲ್ಲೇ ಇದ್ದಾಳೆ. ಬಿಡಿಸಿದರೆ 3ಮ = 4ಮ − 20, ಮ = 20, ತ = 60. ತಾವೇ ಬರೆದ ಎರಡು ಸಮೀಕರಣಕ್ಕೂ ಇದು ಒಪ್ಪುತ್ತದೆ. ವಯಸ್ಸುಗಳೂ ನಂಬುವ ಹಾಗಿವೆ. ಇಂಥ ಕಡೆ ಸಮೀಕರಣಕ್ಕೆ ಹಾಕಿ ತಾಳೆ ನೋಡಿದರೆ ಏನೂ ಪ್ರಯೋಜನವಿಲ್ಲ, ಹೇಳಿಕೆಯ ಮಾತಿಗೇ ಹಾಕಬೇಕು. ಐದು ವರ್ಷದ ಹಿಂದೆ ತಾಯಿಗೆ 55, ಮಗಳಿಗೆ 15. 15ರ ನಾಲ್ಕರಷ್ಟು 60, 55 ಅಲ್ಲ. ಸರಿಯಾದ ಸಮೀಕರಣ ತ − 5 = 4(ಮ − 5). ಅದರಿಂದ ಮ = 15, ತ = 45. ಐದು ವರ್ಷದ ಹಿಂದೆ 10 ಮತ್ತು 40.

"ಮೂರರಷ್ಟು" ಯಾವ ಕಡೆ ಕೂರಬೇಕು ಎನ್ನುವಲ್ಲೂ ಗೊಂದಲ ಆಗುತ್ತದೆ. ಮ = 3ತ ಎಂದು ಬರೆದರೆ ಮಗಳು ತಾಯಿಗಿಂತ ದೊಡ್ಡವಳು. ಬರೆದ ಮೇಲೆ ಒಮ್ಮೆ ಬಾಯಿಬಿಟ್ಟು ಓದಿ. ಚಿಕ್ಕದನ್ನು ಗುಣಿಸಿದರೆ ತಾನೇ ದೊಡ್ಡದಕ್ಕೆ ಸಮ ಆಗುವುದು?

ಇಷ್ಟಾದರೂ ಹೊಂದದಿದ್ದರೆ ಪ್ರಶ್ನೆಯ ಕೊನೆಯ ವಾಕ್ಯ ಓದಿ. ಎರಡಂಕಿಯ ಸಂಖ್ಯೆ ಕೇಳಿದ್ದರೆ ಹತ್ತರ ಸ್ಥಾನ, ಬಿಡಿ ಸ್ಥಾನ ಬರೆದು ನಿಲ್ಲಿಸುವಂತಿಲ್ಲ. ಭಿನ್ನರಾಶಿ ಕೇಳಿದ್ದರೆ ಅಂಶ, ಛೇದ ಬೇರೆ ಬೇರೆ ಬರೆದರೆ ಆಗದು. ಅ ಸಿಕ್ಕ ಖುಷಿಯಲ್ಲಿ ಬ ತೆಗೆಯುವುದನ್ನೇ ಮರೆಯುವವರೂ ಇದ್ದಾರೆ. ಪುಸ್ತಕದ ಹಿಂದಿನ ಉತ್ತರದಲ್ಲಿ ಎರಡು ಬೆಲೆಗಳು ಅದಲುಬದಲಾಗಿ ಅಚ್ಚಾಗಿರಬಹುದು. ಆ ಉತ್ತರವನ್ನೇ ತೆಗೆದುಕೊಂಡು ಕೊಟ್ಟ ಸಮೀಕರಣಗಳಿಗೆ ಹಾಕಿ. ಅದು ತಾಳೆಯಾಗದೆ ನಿಮ್ಮದು ತಾಳೆಯಾದರೆ, ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಒಂದು ಗುರುತು ಹಾಕಿ ಮುಂದಿನ ಲೆಕ್ಕಕ್ಕೆ ಹೋಗಿ.